ಮೂಗಿಗಿಂತ ಭಾರ

ಲೀಡ್ಸಿನ ಮೂರ್‌ಟೌನಿನಲ್ಲಿ, ನನ್ನ ಅಡುಗೆಮನೆಯ ಗೋಡೆಯಾಚೆ
ಆಬ್ರಿ ಕ್ರಾವೆಟ್ಸ್ ಎಂಬವರು ಕೆಮ್ಮುತ್ತಾರೆ.
ಎಂಬತ್ತೊಂದು ವರ್ಷ. ನಟ.
ಮೂಗು ಚಿಕ್ಕದು,
ಹುಣಸೆಬೀಜದಷ್ಟು ಎಂದರೆ ಉತ್ಪ್ರೇಕ್ಷೆ, ಚಿಕ್ಕದಂತೂ ಹೌದು.

‘ನನ್ನದು ಅವರಿಗೆ ಸಾಲಲಿಲ್ಲ’ ಎಂದಿದ್ದರು ಒಮ್ಮೆ
ಕಸದ ಡಬ್ಬಿ ಎಳೆಯುತ್ತ, ಹವಾಮಾನದ ಮಾತಾಡುವ ಹಾಗೆ.
‘ಗಿರವಿ ಅಂಗಡಿಯವನಿಗೆ ಒಂದು, ವಜ್ರದ ದಲ್ಲಾಳಿಗೆ ಇನ್ನೊಂದು.
ಸಂಜೆ ರಟ್ಟಿನ ಪೆಟ್ಟಿಗೆಯಲ್ಲಿ ಕೊಡೋರು,
ಹನ್ನೊಂದಕ್ಕೆ ಸಹಿ ಹಾಕಿ ವಾಪಸ್.
ಟೀವಿಗೆ ಬಂದಮೇಲೆ ಮೂಗು ಬಿಟ್ಟರು.
ಅಲ್ಲಿ ಬರೀ ತಾಯಿಗೆ ಹೆದರುವ ಲೆಕ್ಕಿಗ,
ಮಾತಿಗೊಮ್ಮೆ ಹೆಗಲು ಕುಣಿಸುವ ವಕೀಲ.’

ಮೂಗಿಗಿಂತ ಮೂಗುತಿ ಭಾರ ಅನ್ನುತ್ತಿದ್ದಳು ನಮ್ಮವ್ವ.
ಇವರಿಗೆ ಮೂಗಿಗಿಂತ ಮೂಗೇ ಭಾರ.
ಇಂಗ್ಲಿಷಿನಲ್ಲಿ ಹೇಳಹೋಗಿ ನಡುವೆ ಬಿಟ್ಟೆ.

ಅಸಲಿಗೆ ಬಿಟ್ಟದ್ದು ಬೇರೆಯದನ್ನ.

ಗದಗಿನ ಹೆಣ್ಣುಮಕ್ಕಳ ಶಾಲೆ, ಏಳನೆಯ ಇಯತ್ತೆ, ಗ್ಯಾದರಿಂಗು.
ಯಾವುದೋ ದೂರದೇಶದ ಯಹೂದಿ ಸಾವುಕಾರನ ಪಾತ್ರ
ನನಗೆ ಬಂತು, ದನಿ ಗೊಗ್ಗರು ಅಂತ.
ಯಹೂದಿ ಅಂದರೆ ಯಾರು ಸರ್ ಎಂದದ್ದಕ್ಕೆ
ಹೊಂಬಳ ಮಾಸ್ತರು ‘ಬಡ್ಡಿಯವರು’ ಅಂದರು.
ಅಷ್ಟರಲ್ಲಿ ಗಂಟೆ ಹೊಡೆಯಿತು.
ಬಡ್ಡಿಯವರು ಊರಲ್ಲೇ ಬೇಕಾದಷ್ಟಿದ್ದರು,
ನನ್ನ ಸ್ವಂತ ಸೋದರಮಾವ, ತಿಂಗಳಿಗೆ ನೂರಕ್ಕೆ ಐದು.
ಅವನ ನಾಟಕ ಯಾರೂ ಆಡಲಿಲ್ಲ.

ಅವ್ವ ಗೋದಿ ಕಣಕ ನಾದಿ ಮೂಗು ಮಾಡಿದಳು.
ಮಾಸ್ತರು ಬೆನ್ನು ಒತ್ತಿ ಒತ್ತಿ ಬಗ್ಗಿಸಿದರು:
‘ಇನ್ನಷ್ಟು ಬಾಗವಾ. ಕೈ ಹಿಂಗ ತಿಕ್ಕು.
ಕಣ್ಣು ರೊಕ್ಕದ ಮ್ಯಾಲ.’
ಎರಡನೆಯ ದೃಶ್ಯದಲ್ಲಿ ಮೂಗು ಕಳಚಿ ಬಿತ್ತು.
ಜನ ಇನ್ನೂ ಜೋರಾಗಿ ನಕ್ಕರು.
ಬಹುಮಾನಕ್ಕೆ ಸ್ಟೀಲಿನ ಲೋಟ, ಮೇಲೆ ಕೊರೆದ ಹೆಸರು,
ಕೊಂಬು ತಪ್ಪಿ ‘ಇಂದಮತಿ’.
ಸಮುದ್ರ ದಾಟಿ ಬಂದಿದೆ. ದಿನಾ ಚಹಾ ಅದರಲ್ಲೇ.

ಕಳೆದ ಮಂಗಳವಾರ ಆಬ್ರಿ ಬಾಗಿಲು ಬಡಿದರು.
‘ಮೊನ್ನೆ ತಂದುಕೊಟ್ಟ ಹಾಲಿನದು, ಒಂದು ಪೌಂಡ್ ನಲವತ್ತು.’
ನ್ಯಾಯವೇ. ಮರೆತವಳು ನಾನು.
ಆದರೂ ಪರ್ಸು ತಡಕುವ ಅಷ್ಟು ಹೊತ್ತಿನಲ್ಲಿ
ಒಳಗೊಂದು ವಾಕ್ಯ ಎದ್ದು ನಿಂತಿತು
ತಲೆ ಬಾಚಿ, ಬಟ್ಟೆಗೆ ಇಸ್ತ್ರಿ ಹಾಕಿಕೊಂಡು:
ಎಷ್ಟೆಂದರೂ ಇವರು...
ಮುಂದಿನದನ್ನು ಬರೆಯಲಾರೆ.
ಎದುರುಮನೆಯ ಡೋರೀನ್ ಅಂಚೆಚೀಟಿಯ ದುಡ್ಡು ಕೇಳಿ
ವಾರ ಕೂಡ ಆಗಿರಲಿಲ್ಲ.
ಆಗ ಯಾವ ವಾಕ್ಯವೂ ಎದ್ದಿರಲಿಲ್ಲ.

ಒಳಗೆ ಕರೆದೆ. ಲೋಟ ತೋರಿಸಿದೆ.
ಎಲ್ಲ ಹೇಳಿದೆ, ಆ ವಾಕ್ಯ ಒಂದು ಬಿಟ್ಟು.
ಅವರು ನಗಲಿಲ್ಲ, ಬೈಯಲಿಲ್ಲ, ಇರಲಿ ಬಿಡಿ ಅನ್ನಲೂ ಇಲ್ಲ.
‘ಹಿಟ್ಟಿನದು ಒಣಗಿದರೆ ಬಿರುಕು ಬಿಡುತ್ತೆ’ ಅಂದರು
ಕಸುಬುದಾರನ ದನಿಯಲ್ಲಿ.
ಆಮೇಲೆ, ‘ಮಾತು ನೆನಪಿದೆಯೇ?’

ನೆನಪಿದೆ.
ಹದಿನೇಳರ ಮಗ್ಗಿ ಹೋಯಿತು,
ಅವ್ವ ಕೊನೆಗೆ ಏನಂದಳೋ ಅದೂ ಹೋಯಿತು,
ಇದೊಂದು ಅಕ್ಷರವೂ ಮಾಸದೆ ಕೂತಿದೆ.
ಹೇಳಿದೆ, ಕನ್ನಡದಲ್ಲೇ. ಅದೇ ಗೊಗ್ಗರು, ಅದೇ ಎಳೆತ.
ಕೈ ತಾನಾಗಿ ಕೈಯ ತಿಕ್ಕಿತು.

ಕನ್ನಡದ ಒಂದು ಪದ ತಿಳಿಯದ ಮನುಷ್ಯ
ನಾಲ್ಕನೆಯ ಸಾಲಿಗೇ ಬೆರಳೆತ್ತಿದರು.
‘ಹಾಂ. ಅವನೇ.’
ರೈಲ್ವೆ ಸ್ಟೇಷನ್ನಿನಲ್ಲಿ ಹಳೆಯ ರೂಮ್‌ಮೇಟು ಸಿಕ್ಕ ಹಾಗೆ.
‘ಅಲ್ಲಿಗೂ ಬಂದಿದ್ದನೇ?
ಟಿಕೆಟ್ಟಿಗೆ ದುಡ್ಡು ಯಾರು ಕೊಟ್ಟರಂತೆ?’

ಹೊಂಬಳ ಮಾಸ್ತರು ಹುಬ್ಬಳ್ಳಿಯಾಚೆ ಹೋದವರಲ್ಲ.
ಎಳೆದೆಳೆದು ಆಡುವ ಆ ದನಿ
ಅವರಿಗೆ ಯಾರು ಕೊಟ್ಟರೋ, ಆ ಕೊಟ್ಟವರಿಗೆ ಯಾರೋ.
ವಾಪಸ್ ಸಹಿ ಮಾತ್ರ ಯಾರೂ ಹಾಕಿಲ್ಲ.

ಒಂದೂವರೆ ಪೌಂಡ್ ಕೊಟ್ಟೆ.
ಹತ್ತು ಪೆನ್ಸ್ ಮೇಜಿನ ಮೇಲಿಟ್ಟು ಹೋದರು.
ಲೋಟದ ಪಕ್ಕ ಅದು ಇನ್ನೂ ಅಲ್ಲೇ ಇದೆ.
ಗೋಡೆಯಾಚೆ ಕೆಮ್ಮು.
ಇದನ್ನು ಅವರಿಗೆ ಯಾರೂ ಕಲಿಸಿದ್ದಲ್ಲ.